ದಾರ ಹರಿದಿರಲಿಲ್ಲ

ಸುರ್ಮಾ ಸತ್ತು ಬಿದ್ದಿತ್ತು. ಲಾಯದ ಬಾಗಿಲಿಗೆ ಹೊರಗಿನಿಂದ ಜಡಿದ ಬೀಗ ಜಡಿದ ಹಾಗೆಯೇ ಇತ್ತು.

ಶುಕ್ರವಾರದ ನಮಾಜು ಮುಗಿಸಿ ಬಂದ ನಿಜಾಮುದ್ದೀನ ಕಿಸೆಯಿಂದ ಕೀಲಿ ತೆಗೆದು ಬಾಗಿಲು ದೂಡಿದ. ಬಿಳಿ ಕುದುರೆ ಬಲಮಗ್ಗುಲಿಗೆ ಬಿದ್ದಿತ್ತು. ಹೊಟ್ಟೆಗೆ ಬಿಗಿದಿದ್ದ ಅಗಲವಾದ ಪಟ್ಟಿ ಹಿಂದಕ್ಕೆ ಜಾರಿತ್ತು. ಪಟ್ಟಿಯ ಅಡಿಯಿಂದ ಕರುಳು ನೆಲಕ್ಕೆ ಬಂದಿತ್ತು. ಅವನು ಕೂಗಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತ. ಕೂಗಿದವಳು ಅವನ ಹೆಂಡತಿ ಮುಮತಾಜಬಿ.

ಆ ಕೂಗಿಗೆ ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ನೇಯುವವರು ಹೊರಗೆ ಬಂದರು. ಗಜೇಂದ್ರಗಡದಲ್ಲಿ ಆ ಕುದುರೆಯನ್ನು ಗೊತ್ತಿಲ್ಲದವರು ಇರಲಿಲ್ಲ. ಎರಡು ಕಾಲ ಮೇಲೆ ನಿಂತು, ತಾಳಕ್ಕೆ ಸರಿಯಾಗಿ ಸುತ್ತು ಹಾಕುತ್ತಿದ್ದ ಕುದುರೆ ಅದು. ಕಣ್ಣ ಸುತ್ತ ಕಾಡಿಗೆ ತೀಡಿದಂಥ ಕಪ್ಪು; ಅದಕ್ಕೇ ಆ ಹೆಸರು. ಅದರ ಬೆನ್ನೇರದೆ ಈ ಸುತ್ತಮುತ್ತ ಯಾವ ಮದುಮಗನೂ ಮೆರವಣಿಗೆ ಹೊರಟಿರಲಿಲ್ಲ. ಹಿಂದೂ ಇರಲಿ, ಮುಸಲ್ಮಾನ ಇರಲಿ.

ನಿಜಾಮುದ್ದೀನ ರೋಣದ ಪಶು ದವಾಖಾನೆಗೆ ಫೋನ್ ಮಾಡಿದ. ಡಾಕ್ಟರ್ ಅನ್ನಪೂರ್ಣಾ ಎತ್ತಿದಳು.

"ಡಾಕ್ಟರ್ರ, ನಿಮ್ಮ ಹೊಲಿಗಿ ಬಿಚ್ಚಿತ್ರಿ," ಎಂದ. ಇಟ್ಟುಬಿಟ್ಟ.

*

ಎರಡು ವಾರದ ಹಿಂದೆ ಅದೇ ಅಂಗಳದಲ್ಲಿ ಅವಳು ಆ ಕುದುರೆಯ ಹೊಟ್ಟೆ ಕೊಯ್ದಿದ್ದಳು.

ಸುರ್ಮಾಗೆ ಹೊಟ್ಟೆಶೂಲೆ ಬಂದಿತ್ತು. ಬೀಳುವುದು, ಹೊರಳುವುದು, ಏಳುವುದು, ಹೊಟ್ಟೆಯ ಕಡೆ ತಿರುಗಿ ನೋಡುವುದು. ಎಣ್ಣೆ ಹಾಕಿದರೂ ಸೂಜಿ ಚುಚ್ಚಿದರೂ ಲದ್ದಿ ಬೀಳಲಿಲ್ಲ. ಬೆಂಗಳೂರಿನ ತನಕ ಗಾಡಿಯಲ್ಲಿ ಒಯ್ದರೆ ದಾರಿಯಲ್ಲೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಈ ತಾಲೂಕಿನಲ್ಲಿ ಕುದುರೆಯ ಹೊಟ್ಟೆಗೆ ಯಾರೂ ಕತ್ತಿ ಹಚ್ಚಿರಲಿಲ್ಲ. ಅವಳು ಹಚ್ಚಿದಳು. ಹಾಸಿಗೆಗಳನ್ನು ಹಾಸಿ ಮಲಗಿಸಿ, ಕರುಳು ಸೀಳಿ, ಮುಷ್ಟಿಗಾತ್ರದ ಗಟ್ಟಿ ಉಂಡೆಯೊಂದನ್ನು ಹೊರಗೆ ತೆಗೆದಳು. ಗೊಬ್ಬರದ ಚೀಲದ ಎಳೆ ತಿಂದು ತಿಂದು ಕರುಳಲ್ಲಿ ಕಟ್ಟಿಕೊಂಡ ಉಂಡೆ.

ಕುದುರೆ ಎದ್ದು ನಿಂತಾಗ ಓಣಿ ಕೇಕೆ ಹಾಕಿತ್ತು. ಅವಳು ಹಾಕಿರಲಿಲ್ಲ. ಕೊಯ್ಯುವುದು ಅರ್ಧ ಕೆಲಸ ಎಂದು ಅವಳ ಗುರುಗಳು ಹೇಳುತ್ತಿದ್ದರು. ಹೊಲಿಗೆಗೆ ಕೀವು ಆಗಬಹುದು. ಕರುಳು ಒಂದಕ್ಕೊಂದು ಅಂಟಬಹುದು. ಮತ್ತೆ ಕಟ್ಟಬಹುದು. ಗೊರಸಿಗೆ ಉರಿ ಇಳಿಯಬಹುದು. ಅದಕ್ಕೇ ಅವಳು ಕಟ್ಟುನಿಟ್ಟು ಮಾಡಿದ್ದಳು. ಎರಡು ತಿಂಗಳು ಲಾಯ ಬಿಟ್ಟು ಹೊರಗೆ ಬರಕೂಡದು, ಆಮೇಲೂ ಕುಣಿಸಕೂಡದು. ಓಣಿಯಲ್ಲಿ ಹಲಗೆ, ತಾಶೆ, ಬ್ಯಾಂಡು ಬಡಿಯಕೂಡದು. ಓಣಿಯವರು ಒಪ್ಪಿದ್ದರು. ಎರಡು ದಿಬ್ಬಣ ಬೇರೆ ದಾರಿ ಹಿಡಿದು ಹೋಗಿದ್ದವು.

ಈಗ ಸ್ಕೂಟರ್ ಮೇಲೆ ಗಜೇಂದ್ರಗಡದ ಕಡೆ ಹೊರಟವಳ ಕಿವಿಯಲ್ಲಿ ಮೇಲಧಿಕಾರಿಯ ಮಾತು ಗುಂಯ್ಗುಡುತ್ತಿತ್ತು. "ಪೊಲೀಸ್ ಕಂಪ್ಲೇಂಟ್ ಆಗೇದಂತ. ನಿಮ್ಮ ಹೊಲಿಗೆ ತಪ್ಪು ಅಂತ ವರದಿ ಬಂದರೆ, ಇನ್ನು ಮುಂದೆ ನೀವು ಹೊಟ್ಟೆ ಕೊಯ್ಯುವಂತಿಲ್ಲ. ನೀವಷ್ಟೇ ಅಲ್ಲ, ಈ ಕಡೆ ಯಾರೂ."

ಅವಳ ಕೈಯೇ ಕಟಕಟೆಯಲ್ಲಿ ನಿಂತಿತ್ತು.

*

ಶವ ಕೊಯ್ಯಲು ಅವಳು ಒಪ್ಪಲಿಲ್ಲ. ನರಗುಂದದಿಂದ ಡಾಕ್ಟರ್ ಅಲ್ಲಾವುದ್ದೀನನನ್ನು ಕರೆಸಿದಳು. ನಿವೃತ್ತಿಗೆ ಹತ್ತಿರವಾದ, ಮುಖ ನೋಡಿ ಮಾತಾಡದ ಮನುಷ್ಯ.

"ನೀವು ಕೊಯ್ಯಿರಿ ಸರ್. ನಾನು ದೂರ ನಿಲ್ತೀನಿ."

"ನಿನ್ನ ತಪ್ಪು ಕಂಡ್ರ ಬರಿತೀನವಾ."

"ಬರೀರಿ."

ಎಎಸ್‌ಐ ಉಡಚಪ್ಪ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಮನಷ್ಯಾರ ಹೆಣಾನ ಸಾಕಾಗೇತಿ ನಮಗ. ಈಗ ಕುದರಿ ಪಂಚನಾಮಿ ಬ್ಯಾರೆ," ಎಂದ.

ಅಲ್ಲಾವುದ್ದೀನ ಕೆಲಸ ಮಾಡುತ್ತ ಗೊಣಗುತ್ತಿದ್ದ. "ಕರುಳಿನ ಹೊಲಿಗಿ ಕೂಡೇತಿ. ಸೋರಿಲ್ಲ. ಕರುಳು ಎಲ್ಲೂ ಕಟ್ಟಿಲ್ಲ. ಅಂಟಿಲ್ಲ. ಕೀವು... ಚರ್ಮದ ಒಂದ ಮೂಲ್ಯಾಗ ಇಷ್ಟ. ಗೊರಸು ಚಲೋ ಅದಾವು."

ಆಮೇಲೆ ಹೊಟ್ಟೆಯ ಗೋಡೆಗೆ ಬಂದ. ಅಲ್ಲಿ ಒಂದೊಂದೇ ಗಂಟನ್ನು ಬೆರಳಿಂದ ಮುಟ್ಟಿ ನೋಡಿದ.

"ಬಾ ಇಲ್ಲೆ," ಎಂದ ಕೊನೆಗೆ. "ನೋಡು."

ಅವಳು ಬಗ್ಗಿದಳು. ದಪ್ಪ ದಾರ ಒಂದೂ ಹರಿದಿರಲಿಲ್ಲ. ಒಂದು ಗಂಟೂ ಬಿಚ್ಚಿರಲಿಲ್ಲ. ದಾರ ಹಿಡಿದಿದ್ದ ಮಾಂಸವೇ ಅಂಚಿನುದ್ದಕ್ಕೂ ಸೀಳಿಹೋಗಿತ್ತು.

"ಅಂದ್ರ ಏನ್ರಿ?" ಎಂದ ಉಡಚಪ್ಪ.

"ಹೊಲಿಗಿ ಗಟ್ಟಿ ಇತ್ತು ಅಂತ. ಹೊಲಿಗಿ ತಡಿಯೂದಕ್ಕಿಂತ ದೊಡ್ಡ ಜಗ್ಗಾಟ ಬಿದ್ದೇತಿ. ಒಮ್ಮೆಲೆ. ಮತ್ತ ಮತ್ತ."

"ಮತ್ತ ಶೂಲಿ ಬಂದು ಹೊರಳ್ಯಾಡಿರಬೇಕಲ್ರಿ?"

ಅನ್ನಪೂರ್ಣಾ ಕುದುರೆಯ ಬೆನ್ನ ಮೇಲೆ ಕೈ ಆಡಿಸಿದಳು. ಬಿಳಿ ಕೂದಲು ಶುಭ್ರವಾಗಿತ್ತು. ನೆಲಕ್ಕೆ ತಾಗಿದ ಮಗ್ಗುಲಲ್ಲಿ ಮಾತ್ರ ಮಣ್ಣು. ಶೂಲೆ ಬಂದ ಕುದುರೆ ಹೊರಳುತ್ತದೆ. ಬೆನ್ನಿಗೆಲ್ಲ ಹುಲ್ಲು, ಲದ್ದಿ ಮೆತ್ತಿಕೊಳ್ಳುತ್ತದೆ. ಇದು ಹೊರಳಿರಲಿಲ್ಲ.

ಕಿವಿಗಳ ನಡುವೆ, ನೆತ್ತಿಯ ಮೇಲೆ ಒಂದು ಗಾಯವಿತ್ತು. ಅವಳು ತಲೆ ಎತ್ತಿ ನೋಡಿದಳು. ಲಾಯದ ಮಾಡು ತಗ್ಗು. ಅಡ್ಡತೊಲೆಗೆ ನಾಲ್ಕೈದು ಬಿಳಿ ಕೂದಲು ಅಂಟಿದ್ದವು. ಕೆಳಗೆ ಮಣ್ಣಿನ ನೆಲದಲ್ಲಿ ಹಿಂಗಾಲಿನ ಗೊರಸುಗಳ ಎರಡು ಆಳವಾದ ತಗ್ಗು. ಅವುಗಳ ಸುತ್ತ ಅದೇ ಬಗೆಯ ಇನ್ನಷ್ಟು, ಒಂದರ ಮಗ್ಗುಲಿಗೊಂದು, ಬಳೆಯ ಆಕಾರದಲ್ಲಿ.

ಬಾಗಿಲಿಗೆ ಒದ್ದ ಗುರುತಿರಲಿಲ್ಲ. ಹೆದರಿದ ಕುದುರೆ ಬಾಗಿಲು ಒದೆಯುತ್ತದೆ. ಇದು ಹೆದರಿರಲಿಲ್ಲ.

ಬೀಗ ಹಾಕಿದ ಲಾಯದೊಳಗೆ, ಹೊಟ್ಟೆಯ ಗಾಯ ಇನ್ನೂ ಹಸಿಯಿದ್ದ ಕುದುರೆಯೊಂದು ಎರಡು ಕಾಲ ಮೇಲೆ ಎದ್ದು ಸುತ್ತು ಹಾಕಿತ್ತು. ಒಂದು ಸಲ ಅಲ್ಲ. ತೊಲೆ ತಲೆಗೆ ಬಡಿದ ಮೇಲೂ.

ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಅಲ್ಲಾವುದ್ದೀನನ ಕಣ್ಣು ಅವಳ ಕಣ್ಣು ಹೋದಲ್ಲೆಲ್ಲ ಹೋಗಿತ್ತು. ಅವನೂ ಹೇಳಲಿಲ್ಲ.

ಶವ ಹೊರಗೆ ತರುವ ಹೊತ್ತಿಗೆ ಸಂಜೆಯಾಗಿತ್ತು. ಓಣಿಯ ಬಾಯಿಂದ ಮದರಸಾಬ ಓಡುತ್ತ ಬಂದ. ಮಗ್ಗುಲ ಮನೆಯ ಮುದುಕ. ತಗಡಿನ ಡಬ್ಬಿ, ಲಾಟೀನು ಮಾಡುವ ಕಸುಬು. ಮದುವೆಗಳಲ್ಲಿ ತಾಶೆ ಬಡಿಯುವವನೂ ಅವನೇ, ಸುರ್ಮಾಗೆ ಕುಣಿತ ಕಲಿಸಿದವನೂ ಅವನೇ. ಕೊಯ್ದ ದಿನ ಸಲಾಯಿನ್ ಬಾಟಲಿ ಎತ್ತಿ ಹಿಡಿದು ಕೈ ನಡುಗಿದರೂ ಇಳಿಸದೆ ನಿಂತಿದ್ದ. ಈಗ ಕುದುರೆಯ ಕೊರಳಿಗೆ ಬಿದ್ದು ಅತ್ತ.

"ಎಲ್ಲಿ ಹೋಗಿದ್ಯೋ ಚಾಚಾ?" ಎಂದ ನಿಜಾಮುದ್ದೀನ.

"ಶಿರೋಳಕ ಹೋಗಿದ್ನೋ ಬೇಟಾ. ಮುಂಜಾನಿ ಬಸ್ಸಿಗೆ. ಡಬ್ಬಿ ಕೊಟ್ಟು ಈಗ ಬಂದೆ. ನಾ ಇದ್ದಿದ್ರ..." ಮಾತು ಮುಗಿಯಲಿಲ್ಲ.

*

ಮರುದಿನ ಮುಂಜಾನೆ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಊರೇ ತೀರ್ಪು ಕೊಟ್ಟಾಗಿತ್ತು. ಅನ್ನಪೂರ್ಣಾ ಒಳಗೆ ಬಂದೊಡನೆ ಮಾತು ನಿಂತಿತು. ಕಪ್ಪು-ಬಸಿಗಳು ಮಾತ್ರ ಸದ್ದು ಮಾಡಿದವು.

"ಏನಂತಾರ್ರಿ ಮಂದಿ?" ಎಂದು ಉಡಚಪ್ಪನನ್ನು ಕೇಳಿದಳು.

"ದಾರ ಕಚ್ಚಾ ಇತ್ತಂತ. ಸರ್ಕಾರಿ ದಾರ. ಬಾಯಾರು ಚಲೋದು ಮನಿಗೆ ಒಯ್ದು ಬ್ಲೌಸ್ ಹೊಲಕೊಂಡಾರಂತ." ಅವನು ನಕ್ಕ. ಅವಳು ನಗಲಿಲ್ಲವೆಂದು ತಾನೂ ನಿಲ್ಲಿಸಿದ.

"ಮೊದಲು ಅಂದವರು ಯಾರು?"

"ಊರ ಬಾಯಿಗೆ ಮೊದಲು ಕಡೀ ಇರತೈತೇನ್ರಿ? ನನಗ ಬ್ಯಾರೆ ಸಂಶೆ ಐತಿ. ಅಬ್ಬಿಗೇರಿ ಗೋಣೆಪ್ಪ."

ಗೋಣೆಪ್ಪನ ಮಗನ ಮದುವೆಗೆ ಸುರ್ಮಾ ಹೋಗಬೇಕಿತ್ತು. ಮುಂಗಡವಾಗಿ ವೀಳ್ಯ ಕೊಟ್ಟಾಗಿತ್ತು. ಕುದುರೆಯ ಹೊಟ್ಟೆ ಕೊಯ್ದ ಮೇಲೆ ನಿಜಾಮುದ್ದೀನ ಎಲ್ಲರ ವೀಳ್ಯವನ್ನೂ ತಿರುಗಿ ಒಯ್ದು ಕೊಟ್ಟು ಕೈ ಮುಗಿದಿದ್ದ. ಎಲ್ಲರೂ ತಗೊಂಡರು. ಗೋಣೆಪ್ಪ ತಗೊಳ್ಳಲಿಲ್ಲ. ಕೊಟ್ಟ ವೀಳ್ಯ ತಿರುಗಿ ಮನೆ ಹೊಕ್ಕರೆ ಮದುವೆಗೆ ಅಪಶಕುನ. "ನನ್ನ ಮಗನ್ನ ಹೊತ್ತು ಕುಣೀಲಾರದ ಕುದರಿ ಯಾವನ ಮಗನ್ನೂ ಹೊರೂದಿಲ್ಲ, ನೋಡ್ತಿರು," ಎಂದು ಓಣಿಯಲ್ಲಿ ನಿಂತು ಕೂಗಿ ಹೋಗಿದ್ದ.

ಉಡಚಪ್ಪ ಅವನನ್ನು ಜೀಪಿನಲ್ಲಿ ಕರೆಸಿದ. ಗೋಣೆಪ್ಪನ ಅಂಗಿ, ಕಿವಿ, ಮೀಸೆಯ ತುದಿ ಎಲ್ಲ ಅರಿಷಿಣ.

"ನಿನ್ನೆ ಮಧ್ಯಾಹ್ನ ಎಲ್ಲಿದ್ಯಪಾ?"

"ಕಾಣೂದಿಲ್ಲೇನ್ರಿ ಸಾಹೇಬ್ರ? ಮಗನ ಅರಿಷಿಣದಾಗಿದ್ದೆ. ಅರ್ಧಾ ಅಬ್ಬಿಗೇರಿ ಅಲ್ಲೇ ಇತ್ತು, ಉಳದರ್ಧ ಊಟಕ್ಕ ಬಂತು."

"ಯಾರನ್ನಾರ ಕಳಿಸಿದ್ದಿ? ಹಲಗಿ ಬಡಿಯಾವ್ರನ್ನ?" ಎಂದು ಅನ್ನಪೂರ್ಣಾ ಕೇಳಿದಳು.

ಉಡಚಪ್ಪ ಅವಳನ್ನು ವಿಚಿತ್ರವಾಗಿ ನೋಡಿದ. ಗೋಣೆಪ್ಪನೂ ನೋಡಿದ.

"ಹಲಗಿಯವ್ರು ನನ್ನ ಮನ್ಯಾಗ ಬಡ್ಯಾಕತ್ತಿದ್ರವಾ. ಇಲ್ಲಿಗ್ಯಾಕ ಕಳಸಲಿ? ಸಿಟ್ಟಿನಾಗ ಒಂದ ಮಾತ ಅಂದೆ. ಮಗಾ ಈಗ ಟ್ರ್ಯಾಕ್ಟರ್ ಮ್ಯಾಲೆ ಮೆರವಣಿಗಿ ಹೊಂಟಾನ. ಟ್ರ್ಯಾಕ್ಟರ್ ಕುಣೀತೈತೇನ್ರಿ? ಡೀಸಲ್ ಕುಡೀತೈತಿ ಅಷ್ಟ."

ಅವನು ಸುಳ್ಳಾಡುತ್ತಿಲ್ಲ ಎನಿಸಿತು. ಆದರೂ ಉಡಚಪ್ಪ ಅವನನ್ನು ಬಿಡಲಿಲ್ಲ. "ಸಂಜಿತನಾ ಕುಂಡ್ರು," ಎಂದ.

*

ಅನ್ನಪೂರ್ಣಾ ಓಣಿಯ ಮನೆ ಮನೆಗೆ ಹೋದಳು. ಒಂದೇ ಪ್ರಶ್ನೆ: ನಿನ್ನೆ ಮಧ್ಯಾಹ್ನ ಏನಾದರೂ ಕೇಳಿಸಿತೇ? ಹಲಗೆ? ತಾಶೆ? ಟೇಪ್ ರೆಕಾರ್ಡರ್?

ಇಲ್ಲ. ಇಲ್ಲ. ಏನೂ ಇಲ್ಲ.

ಇಡೀ ಓಣಿ ಒಂದೇ ಬಾಯಿಂದ ಇಲ್ಲ ಅಂದರೆ ಅವಳಿಗೆ ನಂಬಿಕೆ ಬರುವುದಿಲ್ಲ. ಎಲ್ಲರೂ ಸೇರಿ ಯಾರನ್ನೋ ಕಾಪಾಡುತ್ತಿದ್ದಾರೆಯೇ? ಗಂಡಸರು ನಮಾಜಿಗೆ ಹೋಗಿದ್ದರು. ಮಗ್ಗದ ಮನೆಯವರು ನೇಯುತ್ತಿದ್ದರು. ಉಳಿದವರು ಹೆಂಗಸರು. ಅವರ ಮುಖದಲ್ಲಿ ಏನನ್ನೋ ಬಚ್ಚಿಟ್ಟ ಲಕ್ಷಣ ಇರಲಿಲ್ಲ. ಅದೇ ಅವಳನ್ನು ಕಾಡಿತು.

ಒಬ್ಬನ ಮುಖದಲ್ಲಿ ಮಾತ್ರ ಇತ್ತು. ನಿಜಾಮುದ್ದೀನನ ತಮ್ಮ ಫರ್ದೀನ. ಹಿತ್ತಲಲ್ಲಿ ಬೂದುಬಣ್ಣದ ಎಳೆಯ ಗಂಡುಕುದುರೆಗೆ ಮೈ ಉಜ್ಜುತ್ತಿದ್ದ. ಅದರ ಹೆಸರು ಬಾದಲ.

"ನೀ ನಮಾಜಿಗೆ ಹೋಗಿದ್ದೇನಪಾ?"

"ಹೋಗಿದ್ನಿ ಅಕ್ಕಾರ."

"ನಿಮ್ಮಣ್ಣ ನಿನ್ನನ್ನ ಅಲ್ಲಿ ನೋಡಲಿಲ್ಲಂತ."

ಬ್ರಷ್ ನಿಂತಿತು. "ಬೈಕ್ ಪಂಕ್ಚರ್ ಆಗಿತ್ರಿ. ಅರ್ಧಾ ದಾರ್‍ಯಾಗ."

"ಯಾರ ಅಂಗಡಿಯೊಳಗ ತೆಗಿಸಿದಿ?"

ಬಾದಲನ ಕೊರಳು ಉಜ್ಜತೊಡಗಿದ. ಉಜ್ಜಿದಲ್ಲೇ ಉಜ್ಜಿದ.

"ಸುರ್ಮಾ ಇನ್ನ ಕುಣಿಯಂಗಿಲ್ಲ ಅಂತ ನಾ ಹೇಳಿದ್ದೆ. ಮುಂದ ಏನ ಮಾಡಾವ್ರಿದ್ರಿ?"

"ಅಣ್ಣಾ ಅದನ್ನ ಯಾವಗಲ್ ಊರಿನ ಒಬ್ಬರಿಗೆ ಕೊಡಾವಿದ್ದ. ಮರಿ ಹಾಕಿಸಾಕ. ಮದವಿಗೆ ಇನ್ನ ಬಾದಲ."

"ಬಾದಲಗ ಕುಣಿತ ಬರತೈತೇನು?"

ಮಾತು ಕುಣಿತಕ್ಕೆ ಬಂದೊಡನೆ ಹುಡುಗನ ಮುಖ ಬಿಚ್ಚಿತು. "ಬರತೈತ್ರಿ! ಮದರಸಾಬ ಚಾಚಾ ಶುರು ಮಾಡಿಸಿದ್ರು. ಮೊದಲ ಡಬ್ಬಿ ಮ್ಯಾಲೆ ಕಲಸ್ತಾರ್ರಿ ಅವರು. ಎಳೀ ಕುದರಿಗೆ ಒಮ್ಮೆಲೆ ತಾಶಾ ಬಡದ್ರ ಬೆದರತೈತಿ. ಬೆರಳಿಲೆ ತಗಡಿನ ಡಬ್ಬಿ ಬಡೀತಾರ, ಕುದರಿ ಏಳತೈತಿ. ತಾಶಾ ಆಮ್ಯಾಲೆ. ಈಗ ಅದೆಲ್ಲಾ ಹಳೇದಾತ್ರಿ. ಅಣ್ಣಾ ಬ್ಯಾಂಡಿನ ಸಿ.ಡಿ. ತಂದಾನ. ಮುಂದಿಂದೆಲ್ಲಾ ನಾನ ಕಲಸ್ತೀನಿ."

"ಚಾಚಾಗ ಇದು ಗೊತ್ತೈತೇನು?"

"ಗುರುವಾರ ಅಣ್ಣಾ ಹೇಳಿದಾ."

ಅವಳು ಮತ್ತೇನೂ ಕೇಳಲಿಲ್ಲ. ನೇರ ಅಡುಗೆಮನೆಗೆ ಹೋದಳು. ಮುಮತಾಜಬಿ ಒಲೆಯ ಮುಂದೆ ಕೂತಿದ್ದಳು. ಒಲೆ ಉರಿಯುತ್ತಿರಲಿಲ್ಲ.

"ಭಾಭಿ, ನಿನ್ನೆ ಮಧ್ಯಾಹ್ನ ಏನೂ ಕೇಳಿಸಲಿಲ್ಲ ಅಂದ್ರಿ."

"ಇಲ್ರಿ ಅಕ್ಕಾರ. ಅಲ್ಲಾನ ಆಣಿ."

"ಹೊಸಾದು ಬ್ಯಾಡ. ದಿನಾ ಕೇಳಿಸೂದ ಹೇಳ್ರಿ. ನೀವು ರೊಟ್ಟಿ ಬಡಿಯೂ ಮುಂದ ಏನೇನ ಕೇಳಸ್ತಿತ್ತು?"

ಮುಮತಾಜಬಿ ಯೋಚಿಸಿದಳು. "ದಿನಾದ್ದಂದ್ರ... ಮಗ್ಗದ ಸಪ್ಪಳ. ಕೋಳಿ. ಮಗ್ಗಲದಾಗ ಚಾಚಾ ಡಬ್ಬಿ ಬಡ್ಯೂದು. ಮತ್ತೇನೈತ್ರಿ?"

"ಚಾಚಾ ಡಬ್ಬಿ ಬಡೀತಿದ್ನಾ? ನಿನ್ನೆ? ರೊಟ್ಟಿ ಹೊತ್ತಿಗೆ?"

"ಹೌದ್ರಿ. ದಿನಾ ಬಡೀತಾನಲ್ಲ."

ಅನ್ನಪೂರ್ಣಾ ಗೋಡೆಗೆ ಒರಗಿ ನಿಂತಳು. ಓಣಿ ಸುಳ್ಳು ಹೇಳಿರಲಿಲ್ಲ. ದಿನದ ಸದ್ದು ಯಾರ ಕಿವಿಗೂ ಸದ್ದಲ್ಲ. ತಾನೇ ಅಲ್ಲವೇ, ತಾಶೆ ಬೇಡ, ಹಲಗೆ ಬೇಡ, ಬ್ಯಾಂಡು ಬೇಡ ಎಂದು ಪಟ್ಟು ಹಿಡಿದವಳು. ಡಬ್ಬಿಯ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ಆದರೆ ಮದರಸಾಬ ಶಿರೋಳದಲ್ಲಿದ್ದ. ಮುಂಜಾನೆಯ ಬಸ್ಸಿಗೇ ಹೋಗಿದ್ದ. ಹಾಗಾದರೆ ಬಾಗಿಲಿಲ್ಲದ ಅವನ ತಗಡಿನ ಕೊಟ್ಟಿಗೆಯಲ್ಲಿ ಕೂತು, ಲಾಯದ ಗೋಡೆಯ ಆಚೆಯಿಂದ ಡಬ್ಬಿ ಬಡಿದವನು ಯಾರು? ಆ ತಾಳ ಫರ್ದೀನನಿಗೂ ಬರುತ್ತದೆ. ಅವನ ಪಂಕ್ಚರ್ ತೆಗೆದವನ ಹೆಸರೂ ಸಿಕ್ಕಿರಲಿಲ್ಲ.

ಇಬ್ಬರಲ್ಲಿ ಒಬ್ಬ. ಕೇಳಿದರೆ ಇಬ್ಬರೂ ಇಲ್ಲ ಅನ್ನುತ್ತಾರೆ. ಕೇಳದೆ ತಿಳಿಯಬೇಕು.

*

ಸಂಜೆಗೆ ಮುಂಚೆ ಹಿತ್ತಲಲ್ಲಿ ಎಲ್ಲರೂ ಸೇರಿದರು. ನಿಜಾಮುದ್ದೀನ ಬರಲು ಒಪ್ಪಿರಲಿಲ್ಲ; ಉಡಚಪ್ಪ ಎಳೆದು ತಂದಿದ್ದ. ಅಲ್ಲಾವುದ್ದೀನ ಮಂಚದ ಮೇಲೆ ಕೂತಿದ್ದ. ಗೋಣೆಪ್ಪ ಅರಿಷಿಣದ ಅಂಗಿಯಲ್ಲೇ ಇದ್ದ.

"ಬಾದಲಗೂ ಅದ ಗೊಬ್ಬರ ಚೀಲದಾಗ ಮೇವು ಹಾಕೀರಿ," ಎಂದಳು ಅನ್ನಪೂರ್ಣಾ. "ಅವನ ಹೊಟ್ಟ್ಯಾಗೂ ಉಂಡಿ ಕಟ್ಟೇತೇನೋ ನೋಡಬೇಕು. ಎದ್ದು ನಿಂತಾಗ ಹೊಟ್ಟಿ ಹ್ಯಾಂಗ ಇಳೀತೈತಿ ಅಂತ. ಒಂದ ಡಬ್ಬಿ ತರ್ರಿ. ಯಾರಾರ ಏಳಸ್ರಿ ಅವನ್ನ."

ಅಲ್ಲಾವುದ್ದೀನ ಹುಬ್ಬೇರಿಸಿದ. ಹಾಗೆ ಉಂಡೆ ಕಾಣಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸುಮ್ಮನಿದ್ದ.

ಫರ್ದೀನ ಮುಂದೆ ಬಂದ. ಡಬ್ಬಿಯನ್ನು ಕಂಕುಳಲ್ಲಿ ಇಟ್ಟು ಬೆರಳಾಡಿಸಿದ. ಬಾದಲ ಕಿವಿ ನಿಮಿರಿಸಿ, ಮುಂಗಾಲು ಎತ್ತಿ, ಅರ್ಧ ಎದ್ದು ಇಳಿಯಿತು. "ಏಯ್ ಆಳಸಿ!" ಎಂದು ನಕ್ಕ ಹುಡುಗ. ಮತ್ತೆ ಬಡಿದ. ಈ ಸಲ ಪೂರ್ತಿ ಎದ್ದಿತು.

ಅವನ ಬೆರಳಿಗೆ ಯಾವ ಅಳುಕೂ ಇರಲಿಲ್ಲ.

"ನಾನೂ ಒಂದ ಕೈ ನೋಡ್ಲ್ಯಾ?" ಎಂದ ಗೋಣೆಪ್ಪ. ಬಡಿದ. ಕುದುರೆ ಅವನ ಕಡೆ ತಿರುಗಿ ಸುದೀರ್ಘವಾಗಿ ಹೂಸು ಬಿಟ್ಟಿತು. ಉಡಚಪ್ಪನೂ ನಕ್ಕ.

"ಚಾಚಾ, ಈಗ ನೀವು," ಎಂದಳು ಅನ್ನಪೂರ್ಣಾ.

ಮದರಸಾಬ ಮೂಲೆಯಲ್ಲಿ ಕೂತಿದ್ದ. "ನನಗ್ಯಾಕವ್ವಾ. ಹುಡುಗ ಏಳಿಸಿದ್ನಲ್ಲ."

"ಗುರುಗಳ ಕೈ ಬ್ಯಾರೆ. ಒಂದ ಸಲ."

ಡಬ್ಬಿ ಅವನ ಮಡಿಲಿಗೆ ಬಂತು. ಅವನು ಬೆರಳು ಇಟ್ಟ. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದ. ಆಮೇಲೆ ಬಡಿದ. ಟಕ್. ಟಕ್ಟಕ್. ಟಕ್. ಒಂದಕ್ಕೊಂದು ಕೂಡಲಿಲ್ಲ. ಬಾದಲ ಕಿವಿ ತಿರುಗಿಸಿತು, ಕಾಯಿತು, ಹುಲ್ಲಿಗೆ ಬಾಯಿ ಹಾಕಿತು.

"ಏ ಚಾಚಾ!" ಫರ್ದೀನ ಬಿದ್ದು ನಕ್ಕ. "ಇದೇನ ಬಡದಿ? ಗೋಣೆಪ್ಪಗೌಡ್ರ ನಿನಗಿಂತ ಪಾಡು!"

ಮದರಸಾಬ ಮತ್ತೆ ಬಡಿದ. ಮತ್ತೆ ತಪ್ಪಿತು. ಫರ್ದೀನನ ನಗು ಅರ್ಧಕ್ಕೆ ನಿಂತಿತು.

ಅನ್ನಪೂರ್ಣಾ ಮುದುಕನ ಎದುರು ನೆಲದ ಮೇಲೆ ಕೂತಳು.

"ಚಾಚಾ, ನಿದ್ದಿಗಣ್ಣಾಗ ಬಡದ್ರೂ ನಿಮ್ಮ ತಾಳ ತಪ್ಪೂದಿಲ್ಲಂತ ಊರಾಗ ಹೇಳ್ತಾರ. ಇವತ್ತ್ಯಾಕ ತಪ್ಪಿಸಿದ್ರಿ?"

ಅವನು ಡಬ್ಬಿಯನ್ನು ನೋಡುತ್ತಿದ್ದ.

"ನಾ ಹೊಟ್ಟಿ ನೋಡಬೇಕು ಅಂದೆ. ಫರ್ದೀನ ನಂಬಿದ. ಗೋಣೆಪ್ಪನೋರು ನಂಬಿದ್ರು. ಅವರಿಗೆ ಇದು ಬರೇ ಡಬ್ಬಿ. ಈ ತಾಳ ಸುರ್ಮಾನ್ನ ಕೊಂದೇತಿ ಅಂತ ಗೊತ್ತಿದ್ದಾವಗಷ್ಟ ಇದನ್ನ ಬಡ್ಯಾಕ ಅಂಜಿಕಿ."

"ಏನ್ ಮಾತಾಡ್ತೀರಿ ನೀವು?" ನಿಜಾಮುದ್ದೀನ ಎದ್ದು ನಿಂತ. "ಚಾಚಾ ಶಿರೋಳದಾಗಿದ್ದಾ!"

"ರೊಟ್ಟಿ ಬಡಿಯೂ ಹೊತ್ತಿನ್ಯಾಗ ಭಾಭಿ ಅವರ ಡಬ್ಬಿ ಸಪ್ಪಳ ಕೇಳ್ಯಾರ. ದಿನಾದ್ದ ಅಂತ ಯಾರಿಗೂ ಹೇಳಲಿಲ್ಲ." ಅವಳು ಉಡಚಪ್ಪನ ಕಡೆ ತಿರುಗಿದಳು. "ಲಾಯದ ಬೀಗ ಯಾರೂ ತಗದಿಲ್ರಿ. ತಗಿಯೂ ಜರೂರಿ ಇರಲಿಲ್ಲ. ಗೋಡಿ ಆಚೆ ಕಡೆ ಕುಂತು ಬೆರಳಾಡಿಸಿದ್ರ ಸಾಕು. ಕಲಿಸಿದ ಕೈ ಕರದ್ರ ಆ ಕುದರಿ ಏಳತೈತಿ. ಹೊಟ್ಟಿ ಗಾಯ ಹಸೀ ಐತಿ ಅಂತ ಅದಕ್ಕ ತಿಳಿಯೂದಿಲ್ಲ. ಎದ್ದಾಗ ತೊಲಿ ನೆತ್ತಿಗೆ ಬಡದೇತಿ. ಕೂದಲು ಅಲ್ಲೇ ಅದಾವು. ಹಿಂಗಾಲಿನ ತಗ್ಗು ಸುತ್ತಕಟ್ಟಿ ಬಿದ್ದಾವು. ಬೆನ್ನಿಗೆ ಮಣ್ಣಿಲ್ಲ, ಶೂಲಿ ಬಂದಿಲ್ಲ. ದಾರ ಹರದಿಲ್ಲ, ಮೈ ಭಾರೆಲ್ಲಾ ಬಿದ್ದು ಮಾಂಸ ಸೀಳೇತಿ."

"ಬರೋಬರಿ," ಎಂದ ಅಲ್ಲಾವುದ್ದೀನ. ಅಷ್ಟೇ ಅಂದ.

"ಇವನ ಪಂಕ್ಚರ್?" ಎಂದ ಉಡಚಪ್ಪ, ಫರ್ದೀನನ ಕಡೆ ಬೆರಳು ಮಾಡಿ.

ಹುಡುಗ ಕೆಂಪಾದ. "ನಮಾಜ್ ಬಿಟ್ಟು ಕ್ರಿಕೆಟ್ ನೋಡಾಕ ಹೋಗಿದ್ನಿ ಸಾಹೇಬ್ರ. ಅಣ್ಣಾ ಬಡೀತಾನಂತ ಹೇಳಲಿಲ್ಲ."

ಮದರಸಾಬ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ.

"ನಾ ಕೊಲ್ಲಲಿಲ್ಲ," ಎಂದ. "ಕರದೆ."

ಅವನು ನಿಜಾಮುದ್ದೀನನ ಕಡೆ ತಿರುಗಿದ.

"ನೀ ಅಂದಿ, ಸುರ್ಮಾ ಇನ್ನ ಕುಣಿಯೂದಿಲ್ಲ ಚಾಚಾ, ಡಾಕ್ಟರ್ ಹೇಳ್ಯಾರ ಅಂತ. ನನ್ನ ಕೈಯಾಗ ಬೆಳದ ಕುದರಿ. ಅದು ಕುಣೀತೈತೋ ಇಲ್ಲೋ ರೋಣದಿಂದ ಬಂದ ಬಾಯಾರು ಹೇಳಬೇಕೇನು? ಬಸ್ಸಿಗಂತ ಹೊಂಟೆ. ಕಾಲು ಏಳಲಿಲ್ಲ. ಎಲ್ಲಾರೂ ನಮಾಜಿಗೆ ಹೋದ ಮ್ಯಾಲೆ ತಿರಗಿ ಬಂದು ಕುಂತೆ. ಒಂದ ಸಲ ಕರದು ನೋಡೂಣು ಅಂದೆ. ಎದ್ದಿತು. ಗೋಡಿ ಈಚೆ ಕಡೆ ನನಗ ಕೇಳಿಸಿತು, ಅದರ ಕಾಲು. ಸುಳ್ಳು ಹೇಳ್ಯಾಳ ಡಾಕ್ಟರ್ ಅಂದೆ. ನನ್ನ ಸುರ್ಮಾ ಕುಣೀತೈತಿ ಅಂದೆ."

"ಒಂದ ಸಲ ಎದ್ದದ್ದು ಗೊತ್ತಾತು," ಎಂದಳು ಅನ್ನಪೂರ್ಣಾ. ಅವಳ ದನಿ ಏರಲಿಲ್ಲ. "ತೊಲಿ ತಲಿಗೆ ಬಡದ ಸಪ್ಪಳಾನೂ ಕೇಳಿಸಿರಬೇಕು. ಆಮ್ಯಾಲೂ ಯಾಕ ನಿಲ್ಲಿಸಲಿಲ್ಲ?"

ಮದರಸಾಬ ಮೊದಲ ಸಲ ಅವಳ ಕಣ್ಣು ನೋಡಿದ. ತನ್ನ ಉತ್ತರ ತನಗೇ ಅರ್ಥವಾಗದವನ ಹಾಗೆ ಹೇಳಿದ:

"ತಾಳ ಮುಗದಿರಲಿಲ್ಲವ್ವಾ."

*

"ಕುದರಿ ಕೊಂದ್ರೂ ಕೇಸ್ ಐತಿ ಮುದಕಾ," ಎಂದು ಉಡಚಪ್ಪ ಅವನ ತೋಳು ಹಿಡಿದು ಎಬ್ಬಿಸಿದ. ದನಿಯಲ್ಲಿ ಖಾರವಿರಲಿಲ್ಲ. "ಬಿದ್ದ ಸಪ್ಪಳ ಕೇಳಿ ಬಸ್ ಹತ್ತಿ ಓಡಿದಿ. ಸಂಜಿಗೆ ಬಂದು ಅತ್ತಿ. ದಾರ ಕಚ್ಚಾ ಅಂತ ಮೊದಲ ಅಂದಾಂವ ನೀನ ಹೌದಲ್ಲ?"

ಮುದುಕ ಹೌದೆಂದು ಗೋಣು ಹಾಕಿದ.

"ಅದನ್ನ ಎಲ್ಲಿ ಅಂದ್ರಿ, ಅಲ್ಲೇ ನಿಂತು ತಿರಗಿ ಹೇಳ್ರಿ," ಎಂದಳು ಅನ್ನಪೂರ್ಣಾ. "ನನಗ ಮತ್ತೇನೂ ಬ್ಯಾಡ."

ಚಹಾದಂಗಡಿಯಲ್ಲಿ ಸಂಜೆಯ ಗದ್ದಲ. ಪೊಲೀಸರ ನಡುವೆ ಮದರಸಾಬನನ್ನು ಕಂಡು ಗದ್ದಲ ಅಡಗಿತು. ಅವನು ಬಾಗಿಲ ಕಂಬ ಹಿಡಿದು ನಿಂತ.

"ದಾರ ಗಟ್ಟಿ ಇತ್ತು," ಎಂದ. "ಬಾಯಾರ ಕೈಯಾಗ ತಪ್ಪಿಲ್ಲ. ಸುರ್ಮಾನ್ನ ನಾ ಎಬ್ಬಿಸಿ ಕೊಂದೆ."

ಒಬ್ಬ ಚಹಾದ ಬಸಿಯನ್ನು ಸದ್ದಾಗದಂತೆ ಕೆಳಗಿಟ್ಟ. ಜೀಪು ಹೋದ ಮೇಲೂ ಮಂದಿ ಹಾಗೇ ಕೂತಿದ್ದರು.

ಅನ್ನಪೂರ್ಣಾ ಸ್ಕೂಟರಿನ ಹತ್ತಿರ ನಡೆದಳು. ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ನಿಜಾಮುದ್ದೀನ. ಅವಳ ಮೇಲೆ ಪೊಲೀಸರಿಗೆ ದೂರು ಕೊಟ್ಟವನು. ಅದರ ಬಗ್ಗೆ ಅವನು ಮಾತೆತ್ತಲಿಲ್ಲ. ಅವಳೂ ಎತ್ತಲಿಲ್ಲ. ಇಬ್ಬರೂ ರಸ್ತೆ ನೋಡುತ್ತ ನಿಂತರು.

"ಬಾದಲನ ಹೊಟ್ಟ್ಯಾಗ ಖರೇನ ಉಂಡಿ ಐತೇನ್ರಿ?" ಎಂದ ಕೊನೆಗೆ.

"ಗೊತ್ತಿಲ್ಲ. ಅದೇ ಚೀಲದಾಗ ಮೇವು ತಿಂದೇತಿ. ಇರಬಹುದು."

ಅವನು ಸ್ಕೂಟರಿನ ಹ್ಯಾಂಡಲ್ ಹಿಡಿದ.

"ಇದ್ರ ನೀವ ಬರಬೇಕ್ರಿ," ಎಂದ. "ನೀವ ಕೊಯ್ಯಬೇಕು."